ತಗಡಿನ ಮೇಲಿನ ಏಳು ಗೀರುಗಳು

ಮಾಮನ ಮುಂಗೈ ತುಂಬ ಸಾಸಿವೆಕಾಳಿನಷ್ಟು ಸುಟ್ಟ ಕಲೆಗಳಿದ್ದವು. ಬಲಗೈ ಎಂದು ಬರೆಯಹೊರಟೆ. ಯಾವ ಕೈಯೋ, ಖಾತ್ರಿಯಿಲ್ಲ. ನನ್ನ ಬಳಿಯಿರುವ ಒಂದೇ ಫೋಟೋದಲ್ಲಿ ತುಂಬುತೋಳಿನ ಅಂಗಿ ತೊಟ್ಟಿದ್ದಾರೆ. ಆದ್ದರಿಂದ ನನ್ನ ನೆನಪಿಗಿಂತ ಅವರು ಗೀರೆಳೆದಿಟ್ಟ ತಗಡನ್ನು ನಂಬುವುದು ವಾಸಿ.

ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು. ನಾನು ಮೈಸೂರಿನಿಂದ ಬಂದ ಬ್ಯಾಂಕ್ ಗುಮಾಸ್ತ, ಅವರನ್ನು ಮಾಮ ಎನ್ನುತ್ತಿದ್ದೆ. ಉಡುಪಿ ಕಡೆಯವರಾದರೂ ಹೋಟೆಲಿನವರಲ್ಲ, ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮೆಷಿನ್ ನಡೆಸುತ್ತಿದ್ದರು. "ಊರಿನವರೆಲ್ಲ ಮಾಟುಂಗದಲ್ಲಿ ಹಿಟ್ಟು ರುಬ್ಬುವುದು, ನಾನಿಲ್ಲಿ ಕಬ್ಬಿಣ" ಎಂದು ನಗುತ್ತಿದ್ದರು.

ಅವರಿಗೆ ಉಲ್ಕೆಗಳ ಹುಚ್ಚು ಹತ್ತಿದ್ದೂ ಆ ಮೆಷಿನ್ನಿನ ಕಿಡಿಗಳಿಂದಲೇ. "ಕಿಡಿ ಅಂದ್ರೆ ಎಂತ? ಕಬ್ಬಿಣದ ಮೈಯೇ ಸವೆದು ಉದುರುವುದು. ಧೂಮಕೇತುವೂ ಹಾಗೇ ಮಾರಾಯ. ಸೂರ್ಯನ ಹತ್ತಿರ ಹೋದಾಗ ಮೈ ಉದುರ್ತದೆ. ಅದು ಹೋದ ಮೇಲೂ ಧೂಳು ದಾರಿಯಲ್ಲೇ ಉಂಟು. ವರ್ಷಕ್ಕೊಮ್ಮೆ ಭೂಮಿ ಆ ದಾರಿ ದಾಟುವಾಗ ಉಲ್ಕೆಯ ಮಳೆ."

ತೆಳು ತಗಡಿನ ಮೇಲೆ ಪಂಚ್ ಹೊಡೆದು ನಕ್ಷತ್ರಗಳನ್ನು ಚುಕ್ಕಿಗಳಾಗಿ ಕೂರಿಸಿದ್ದರು. ಉಲ್ಕೆ ಕಂಡರೆ ಮೊಳೆಯಿಂದ ಗೀರು. ಅದು ಆರಿದ ತುದಿಗೆ ಒಂದು ಚುಕ್ಕಿ. ಅಕ್ಟೋಬರಿನಲ್ಲಿ ಬೀಳುವ ಹ್ಯಾಲಿ ಧೂಮಕೇತುವಿನ ಚೂರುಗಳೆಲ್ಲ ಆರಿದ್ರಾ ನಕ್ಷತ್ರದ ಹತ್ತಿರದಿಂದ ಹೊರಟಂತೆ ಕಾಣುತ್ತವೆ. ಆ ಜಾಗಕ್ಕೆ ಅವರು ಇಟ್ಟ ಹೆಸರು ತವರು. ತವರಿನಿಂದ ಹೊರಡದ್ದು ಹ್ಯಾಲಿಯದಲ್ಲ.

ಎಂಬತ್ತಾರರಲ್ಲಿ ಹ್ಯಾಲಿ ಬಂದಾಗ ಮಾಮಿ ಸಯನ್‌ನ ಆಸ್ಪತ್ರೆಯಲ್ಲಿದ್ದರು. ಮಾಮ ಮಂಚದ ಪಕ್ಕದಿಂದ ಏಳಲಿಲ್ಲ. ಒಂದೇ ಏಪ್ರಿಲಿನಲ್ಲಿ ಮಾಮಿಯೂ ಹೋದರು, ಹ್ಯಾಲಿಯೂ ಹೋಯಿತು. ಆಮೇಲೆ ಅದರ ಚೂರನ್ನಾದರೂ ನೋಡಲು ಪ್ರತಿ ಅಕ್ಟೋಬರಿನಲ್ಲೂ ಟೆರೇಸಿನಲ್ಲಿ ಕೂರುತ್ತಿದ್ದರು. ತೊಂಬತ್ತರ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣುಗಳನ್ನು ತಿಂದಿತ್ತು.

"ನೀನು ನೋಡು, ನಾನು ಎಳೀತೇನೆ. ಒಂದು ಸಿಕ್ಕಿದ್ರೆ ಸಾಕು."

ಆ ಅಕ್ಟೋಬರಿನ ಒಂದು ಬೆಳಗಿನ ಜಾವ. ಮಬ್ಬು ಆಕಾಶ, ಕಾರ್ಖಾನೆಗಳ ದೀಪ. ಒಂದೂ ಬೀಳಲಿಲ್ಲ. ನೀರಿನ ಟಾಕಿಗೆ ಒರಗಿ, ಕಾಣದ ಕಣ್ಣು ತೆರೆದುಕೊಂಡು ಅವರು ಕಾಯುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

"ಅಗೋ ಮಾಮ!"

"ಎಲ್ಲಿಂದ ಎಲ್ಲಿಗೆ?"

"ಪವಾಯಿ ಕಡೆಯಿಂದ ಬಂತು. ಆರಿದ್ರಾ ಹತ್ತಿರ ಆರಿತು."

ಬೆರಳಿನಿಂದ ಚುಕ್ಕಿಗಳನ್ನು ತಡವಿ ಎಳೆದರು. ಹೀಗೆ ಇನ್ನೂ ಐದು ಸುಳ್ಳು ಹೇಳಿದೆ. ಎಲ್ಲವೂ ಆರಿದ್ರಾದ ಕಡೆಗೇ. ಆ ಹೆಸರು ಕೇಳಿದರೆ ಅವರಿಗೆ ಸಂತೋಷವಾದೀತೆಂದುಕೊಂಡಿದ್ದೆ.

"ಇವತ್ತು ಎಲ್ಲವೂ ತವರಿಗೆ ವಾಪಸ್ ಹೋಗ್ತಾ ಉಂಟಲ್ಲ ಮಾರಾಯ?"

"ಹೌದು ಮಾಮ" ಎಂದೆ. ಪೆದ್ದ ನಾನು.

ಆಗ ನಿಜವಾದದ್ದೊಂದು ಬಂತು. ಆರಿದ್ರಾದ ಪಕ್ಕದಿಂದ ಹೊರಟು ಪವಾಯಿ ಗುಡ್ಡದ ಕಡೆಗೆ, ಹಸಿರು ಬಾಲ ಉಳಿಸಿ. ನಾನು ಕೂಗಿಕೊಂಡೆ. ಮಾಮ ನೆಟ್ಟಗೆ ಕೂತರು. ನನ್ನ ದನಿಯಲ್ಲಿ ವ್ಯತ್ಯಾಸ ಗೊತ್ತಾಗಿರಬೇಕು.

"ಎಲ್ಲಿಂದ? ಸರಿ ಹೇಳು ಮಾರಾಯ, ಎಲ್ಲಿಂದ?"

ಹಿಂದಿನ ಆರಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಸಿಕ್ಕಿಬೀಳುತ್ತೇನೆ ಎನ್ನಿಸಿತು.

"ಪವಾಯಿ ಕಡೆಯಿಂದಲೇ ಮಾಮ."

ಮತ್ತೆ ಚುಕ್ಕಿಗಳನ್ನು ತಡವಿ, ಗೀರು ಎಳೆದರು. "ಸಾಕು. ಚಳಿ" ಎಂದರು.

ಮುಂದಿನ ಅಕ್ಟೋಬರಿಗೆ ಅವರಿರಲಿಲ್ಲ. ಮನೆ ಖಾಲಿ ಮಾಡಲು ಬಂದ ಅವರ ತಂಗಿ ತಗಡನ್ನು ನನಗೆ ಕೊಟ್ಟರು. ಆ ಬೆಳಗಿನ ಏಳು ಗೀರುಗಳಿಗೂ ಆರಿದ್ರಾದ ಕಡೆಗಿರುವ ತುದಿಯಲ್ಲೇ ಚುಕ್ಕಿಯಿದೆ. ಒಂದು ಮಾತ್ರ ನಿಜವಾದದ್ದು, ಅವರು ಕಾದದ್ದು. ಯಾವುದೆಂದು ಈಗ ಬೆರಳಾಡಿಸಿದರೂ ನನಗೆ ತಿಳಿಯುವುದಿಲ್ಲ.