ಕೈಗೊಡಲಿಗೆ ಹೊಸ ಕಾವು

ನೀವು ನಂಬೋದಿಲ್ಲ, ಅದು ನನಗೆ ಗೊತ್ತು. ನಾನು ಹೇಳುವುದರಲ್ಲಿ ಅರ್ಧಕ್ಕರ್ಧ ಬಂಡಲ್ ಅಂತ ನಮ್ಮ ಕ್ಲಾಸಿನವರೆಲ್ಲ ಹೇಳುತ್ತಾರೆ. ಆದರೂ ಈ ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಕೇಳಿ. ನಾಳೆ ಅಜ್ಜಿಯ ತಿಥಿ. ಹಿತ್ತಾಳೆ ಪಾತ್ರೆ ಬೆಳಗಲು ಅಮ್ಮ ಬಕೆಟ್ಟಿನಲ್ಲಿ ಹುಣಸೆಹಣ್ಣು ನೆನೆಹಾಕಿದ್ದಾಳೆ. ನನಗೆ ಸೌದೆ ಸೀಳುವ ಕೆಲಸ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎತ್ತಿದ ಕೊಡಲಿ ಕೆಳಗೆ ಇಳಿಯಲೇ ಇಲ್ಲ.

ಕೊಡಲಿ ಅಂದ ತಕ್ಷಣ ಏನೇನೋ ಊಹಿಸಿಕೊಳ್ಳಬೇಡಿ. ಇದು ಕೈಗೊಡಲಿ, ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟೇ ಉದ್ದ. ಒಂದು ಕಡೆ ಬಾಯಿ, ಇನ್ನೊಂದು ಕಡೆ ಸುತ್ತಿಗೆಯಂಥ ತಲೆ, ಪಕ್ಕದಲ್ಲಿ ಮೊಳೆ ಕೀಳಲು ಒಂದು ಕಚ್ಚು, ಹಿಡಿಯಲು ಮರದ ಕಾವು. ಅಜ್ಜಿ ಮದುವೆಯಾಗಿ ಮೈಸೂರು ಕಡೆಯಿಂದ ಮದ್ರಾಸಿಗೆ ಬರುವಾಗ ಹಾಸಿಗೆ ಸುರುಳಿಯೊಳಗೆ ಸುತ್ತಿಕೊಂಡು ರೈಲು ಹತ್ತಿದ್ದಳಂತೆ. "ಯಾಕಜ್ಜಿ, ತಾತನ್ನ ಕಂಡ್ರೆ ಭಯಾನಾ?" ಎಂದು ಕೇಳಿದ್ದೆ. "ನಿನ್ನಂಥ ಮೊಮ್ಮಗ ಹುಟ್ತಾನೆ ಅಂತ ಮೊದ್ಲೇ ಗೊತ್ತಿತ್ತು ಕಣೋ" ಅಂದಿದ್ದಳು. ಅದರಲ್ಲೇ ಬೆಲ್ಲ ಒಡೆಯುವಳು, ತೆಂಗಿನಕಾಯಿ ಒಡೆಯುವಳು, ಗೋಡೆಗೆ ಮೊಳೆ ಹೊಡೆಯುವಳು. ಒಮ್ಮೆ ಹುಳಿಗೆ ಕುಂಬಳಕಾಯಿಯನ್ನೂ ಅದರಲ್ಲೇ ಹೋಳು ಮಾಡಿದಳು. ಊಟದಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಕೊಡಲಿ ಇನ್ನೂ ಅವಳ ಪಕ್ಕದಲ್ಲೇ ಇತ್ತು.

ಆದರೆ ಅದರ ಅಸಲಿ ಕೆಲಸ ಬೆಳಗಿನ ಬಾಯ್ಲರಿಗೆ ಸೌದೆ ಸೀಳುವುದು. ಮನೆಯಲ್ಲಿ ಗೀಸರ್ ಇದ್ದರೂ "ಕರೆಂಟ್ ನೀರು ಮೈಗೆ ಹತ್ತಲ್ಲ" ಎಂದು ಅಜ್ಜಿ ಹಿತ್ತಲಿನ ತಾಮ್ರದ ಬಾಯ್ಲರನ್ನು ಬಿಟ್ಟುಕೊಡಲಿಲ್ಲ. ವಡಪಳನಿಯ ಸ್ಟುಡಿಯೋಗಳಲ್ಲಿ ಶೂಟಿಂಗ್ ಮುಗಿದ ಸೆಟ್ಟುಗಳ ಮರವನ್ನು ಗಾಡಿಯವನೊಬ್ಬ ನಮ್ಮ ವೆಸ್ಟ್ ಮಾಂಬಲಂಗೆ ತಳ್ಳಿಕೊಂಡು ಬರುತ್ತಿದ್ದ. "ಪಾಟಿ, ಇನ್ನಿಕ್ಕಿ ಅರಮನೈ!" ಎಂದು ಕೂಗುವನು, ಅಜ್ಜೀ, ಇವತ್ತು ಅರಮನೆ ಅಂತ. "ಹೋದ್ವಾರ ಕುಡುತ್ತ ಪೊಲೀಸ್ ಸ್ಟೇಷನ್ ಎರಿಯವೇ ಇಲ್ಲಪ್ಪಾ!" ಎಂದು ಅಜ್ಜಿ ಜಗಳ ತೆಗೆಯುವಳು. ಪೊಲೀಸ್ ಸ್ಟೇಷನ್ ಸರಿಯಾಗಿ ಉರಿಯಲೇ ಇಲ್ಲವಂತೆ. ನಾನಂತೂ ದಿನಾ ಒಂದೊಂದು ಅರಮನೆ ಸುಟ್ಟು ಸ್ನಾನ ಮಾಡುವವನು ಎಂದು ಸ್ಕೂಲಿನಲ್ಲೆಲ್ಲ ಕೊಚ್ಚಿಕೊಂಡಿದ್ದೆ.

ಎರಡು ವರ್ಷದ ಹಿಂದೆ, ನಾನು ಟೆಂತ್‌ನಲ್ಲಿದ್ದಾಗ, ಅಜ್ಜಿಗೆ ಲಕ್ವ ಹೊಡೆಯಿತು. ಎಡಭಾಗ ಹೋಯಿತು. ಕಣ್ಣು ಮೊದಲೇ ಪೊರೆ ಬಂದು ಮಂಜು. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಎರಡು ಚಮಚ ಗಂಜಿ ಕುಡಿದು ಬಾಯಿ ಮುಚ್ಚಿದರೆ ಮುಗಿಯಿತು. ಮನೆಗೆ ಬಂದ ಡಾಕ್ಟರು, "ಬಲಗೈ ಚೆನ್ನಾಗಿದೆ. ಆ ಕೈಗೆ ಪರಿಚಯ ಇರೋ ವಸ್ತು ಏನಾದ್ರೂ ಕೊಡಿ. ಹಿಡ್ಕೊಳ್ಳೋ ಆಸೆ ಬಂದ್ರೆ ಊಟದ ಆಸೇನೂ ಬರಬಹುದು" ಅಂದರು. ಅಮ್ಮ ಜಪಸರ ಕೊಟ್ಟಳು, ಜಾರಿ ಬಿತ್ತು. ಅಪ್ಪ ಸೌಟು ಕೊಟ್ಟ, ಅದೂ ಬಿತ್ತು. ಮನೆಯಲ್ಲಿ ಬುದ್ಧಿವಂತ ಅಂತ ಇರುವವನು ನಾನೊಬ್ಬನೇ, ನನಗೆ ಕೈಗೊಡಲಿ ಹೊಳೆಯಿತು.

ಅಜ್ಜಿಯ ಕಣ್ಣು ಮಂಜಾದಾಗಿನಿಂದ ಸೀಳಿದ ಸೌದೆಯನ್ನೇ ತರಿಸುತ್ತಿದ್ದೆವು. ಮಳೆಗಾಲವಿಡೀ ಬಾವಿಯ ಪಕ್ಕ ಬಿದ್ದು ಅದು ತುಕ್ಕಿನ ಮುದ್ದೆಯಾಗಿತ್ತು. ಹುಣಸೆ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟೆ. ನೀರು ಡಿಕಾಕ್ಷನ್ ಆಯಿತು. ಆಮೇಲೆ ತೆಂಗಿನ ನಾರು, ಇಟ್ಟಿಗೆ ಪುಡಿ, ಉಪ್ಪುಕಾಗದ. ಉಜ್ಜಿ ಉಜ್ಜಿ ನನ್ನ ಬೆರಳಚ್ಚೇ ಅಳಿಸಿಹೋಯಿತು, ಆ ವಾರ ಬ್ಯಾಂಕ್ ದೋಚಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ. ಸಾಣೆಯವನು ಬಾಯಿ ಹರಿತ ಮಾಡುತ್ತಾ "ತಂಬಿ, ಯಾರೈ ವೆಟ್ಟ ಪೋರೆ?" ಎಂದ, ಯಾರನ್ನು ಕಡಿಯೋಕೆ ಹೊರಟಿದೀಯ ಅಂತ. "ಇದು ಎಂಗ ಪಾಟಿಕ್ಕು" ಅಂದೆ, ಇದು ನಮ್ಮಜ್ಜಿಗೆ ಅಂತ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಕಾವು ಮಾತ್ರ ದರಿದ್ರ. ಕಪ್ಪಗೆ, ಜಿಡ್ಡು ಜಿಡ್ಡಾಗಿ, ಒಂದು ಕಡೆ ಸೀಳು ಬಿಟ್ಟು, ಹೆಬ್ಬೆರಳು ಕೂರುವ ಜಾಗದಲ್ಲಿ ಗುಳಿ ಬಿದ್ದು ಸೊಟ್ಟಗಾಗಿತ್ತು. ಅದನ್ನು ಬಡಿದು ತೆಗೆದೆ. ರೈಲ್ವೆ ಸ್ಟೇಷನ್ ಪಕ್ಕದ ಅಂಗಡಿಯಿಂದ ಹೊಸದು ತಂದು, ಬೆಣೆ ಹೊಡೆದು ಕೂರಿಸಿ, ವಾರ್ನಿಷ್ ಬಳಿದು ಒಣಗಿಸಿದೆ. ಫಳಫಳ! ಅಷ್ಟರಲ್ಲಿ ಅಜ್ಜಿಯ ಮೈ ಒರೆಸಲು ಬಿಸಿನೀರು ಬೇಕು ಎಂದು ಅಮ್ಮ ಕೂಗಿದಳು. ಹಳೇ ಕಾವನ್ನು ಬಾಯ್ಲರಿಗೆ ತುರುಕಿದೆ.

ಹೊಗೆ ಕಿಟಕಿಯಿಂದ ಒಳಗೆ ಬಂತು. ಅಮ್ಮ ಬಟ್ಟೆ ಹಿಂಡಿ ಮೈ ಒರೆಸುತ್ತಿದ್ದಳು. ಅಜ್ಜಿಯ ಮೂಗು ಅರಳಿತು.

"ಯಾರೇ ಹುಣಸೆ ಸೌದೆ ಹಾಕಿದ್ದು?"

ಒಂಬತ್ತು ದಿನದ ಮೇಲೆ ಮೊದಲ ಮಾತು. ಅಮ್ಮ ಅತ್ತೇಬಿಟ್ಟಳು. ಇದೇ ಸಮಯ ಎಂದು ನಾನು ಓಡಿ ಬಂದು ಕೊಡಲಿಯನ್ನು ಅಜ್ಜಿಯ ಬಲಗೈಗೆ ಇಟ್ಟೆ. ಬೆರಳು ಮಡಚಿದವು! ಹೆಬ್ಬೆರಳು ಕಾವಿನ ಮೇಲೆ ಸರಿಯಿತು. ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಗಿ ನಿಂತಿತು.

"ಯಾರ್ದೋ ಇದು?"

"ನಿಂದೇ ಅಜ್ಜಿ. ಹೊಸದ್ರ ಥರ ಮಾಡಿದೀನಿ ನೋಡು."

"ನಂದಲ್ಲ. ಯಾರ್ದೋ ಅವ್ರಿಗೆ ಕೊಟ್ಬಿಡು. ನಂದು ತಂದ್ಕೊಡು, ಆಮೇಲೆ ಗಂಜಿ ಕುಡೀತೀನಿ."

ಬಾಗಿಲಲ್ಲಿ ಅಪ್ಪ ನಿಂತಿದ್ದ. "ಹಳೇ ಕಾವು ತಾರೋ, ಅದನ್ನೇ ಹಾಕೋಣ. ನಿಮ್ಮಜ್ಜಿಯ ಅಪ್ಪ ಹುಣಸೆ ಕೊಂಬೆ ಕೆತ್ತಿ ಅವಳ ಕೈ ಅಳತೆಗೇ ಮಾಡಿದ್ದು ಅದು."

ಕಿಟಕಿಯ ಕಡೆ ನೋಡಿದೆ. ಅಪ್ಪನೂ ನೋಡಿದ. ಹಿತ್ತಲಿಗೆ ಹೋದ. ಬಾಯ್ಲರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ವಾಪಸ್ಸು ಬಂದಾಗ ಕೈತುಂಬಾ ಮಸಿ. ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಜ್ಜಿಯ ಪಕ್ಕ ಕೂತು, "ಹುಡುಕ್ತಿದಾನಮ್ಮ. ಸಿಗುತ್ತೆ" ಅಂದ.

ಅಜ್ಜಿ ದಿನಾ ಕೇಳಿದಳು: "ಸಿಕ್ತಾ?" ಅಪ್ಪ ದಿನಾ ಹೇಳಿದ: "ಹುಡುಕ್ತಿದಾನೆ." ನಾನು ಹಿತ್ತಲಿಗೆ ಹೋಗಿ ಅವಳಿಗೆ ಕೇಳಿಸುವ ಹಾಗೆ ಸೌದೆ ಎತ್ತಿ ಎತ್ತಿ ಹಾಕುತ್ತಿದ್ದೆ. ಎರಡು ಚಮಚ ಗಂಜಿ ಒಂದಾಯಿತು. ಹನ್ನೆರಡನೇ ದಿನ ಬೆಳಿಗ್ಗೆ ಅಜ್ಜಿ ಕಣ್ಣು ತೆರೆಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ಹಿತ್ತಲಲ್ಲಿ ಸದ್ದು ಮಾಡುತ್ತಲೇ ಇದ್ದೆ.

ಸ್ನೇಹಿತರಿಗೆ ಈ ಕಥೆಯನ್ನು ಬೇರೆ ಥರ ಹೇಳುತ್ತೇನೆ. ಅದರಲ್ಲಿ ಅಜ್ಜಿ ಎದ್ದು ಕೂತು, ಅದೇ ಕೊಡಲಿ ಹಿಡಿದು ನನ್ನನ್ನು ಬಾವಿಯ ಸುತ್ತ ಅಟ್ಟಿಸಿಕೊಂಡು ಬರುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಿಮಗೆ ಯಾಕೆ ಹೀಗೆ ಹೇಳಿದೆನೋ ಗೊತ್ತಿಲ್ಲ. ಈ ಹುಣಸೆ ವಾಸನೆ ಇಲ್ಲದಿದ್ದರೆ ನಿಮಗೂ ಅದನ್ನೇ...

"ಯಾರ ಹತ್ರ ಮಾತಾಡ್ತಿದೀಯೋ?"

ಅಪ್ಪ. ಹಿತ್ತಲ ಬಾಗಿಲಲ್ಲಿ.

"ಯಾರೂ ಇಲ್ಲಪ್ಪ. ಸೌದೆ ಎತ್ತಿಹಾಕ್ತಿದ್ದೆ."

ಹತ್ತಿರ ಬಂದು ನನ್ನ ಕೈಯಿಂದ ಕೊಡಲಿ ತೆಗೆದುಕೊಂಡ. ಅವನ ಹೆಬ್ಬೆರಳು ಕಾವಿನ ಮೇಲೆ ಒಂದು ಸಲ ಮೇಲೆ ಹೋಯಿತು, ಕೆಳಗೆ ಬಂತು.

"ಹುಡುಕಿದ್ದು ಸಾಕು" ಅಂದ. "ಒಳಗೆ ಬಾ."