ಮೈಲೂರಿನಲ್ಲಿ ಸುಜಾತಾಳ ಖೋಲಿ

ಕೋವಿಡ್ ಕಳೆದ ಮರುವರ್ಷ ನಾನು ಬೀದರಿನ ಪುನರ್ವಸತಿ ಸಂಸ್ಥೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರು ಜನರ ನಡುವೆಯೇ, ಬೇಕಾದಷ್ಟು ನೆರವು ಪಡೆದು, ತಮ್ಮದೇ ಮನೆಯಲ್ಲಿ ಬಾಳುವುದನ್ನು ನಾವು ‘ಸಪೋರ್ಟೆಡ್ ಲಿವಿಂಗ್’ ಎನ್ನುತ್ತಿದ್ದೆವು. ತರಬೇತಿಗಳಲ್ಲಿ ಈ ಮಾತನ್ನು ಬಹಳ ಸಲ ಹೇಳಿದ್ದೆ. ಮಾಡಿ ತೋರಿಸಿ ಎಂದು ಪಟ್ಟು ಹಿಡಿದವಳು ಸುಜಾತಾ.

ಔರಾದ್ ತಾಲ್ಲೂಕಿನ ಸಂತಪುರದ ಸುಜಾತಾಳಿಗೆ ಆಗ ಮೂವತ್ತು ದಾಟಿತ್ತು. ಬೌದ್ಧಿಕ ನ್ಯೂನತೆಯಿಂದಾಗಿ ಓದು ಬರಹ ಹತ್ತಿರಲಿಲ್ಲ. ಆದರೂ ದಿನಾ ಬಸ್ಸು ಹತ್ತಿ ಬೀದರಿನ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜಿಗೆ ಬಂದು ಅಡತಿ ಅಂಗಡಿಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅಣ್ಣ ಆನಂದ ಆಕೆಯನ್ನು ಭಾಲ್ಕಿಯ ತನ್ನ ಮನೆಗೆ ಕರೆದೊಯ್ದ. ಹೈಸ್ಕೂಲ್ ಶಿಕ್ಷಕ, ಕೆಟ್ಟವನಲ್ಲ. ಆದರೆ ತಂಗಿಯ ಕೆಲಸ ಬಿಡಿಸಿದ, ಅಂಗಳ ದಾಟಬೇಡ ಎಂದ, ಕೊನೆಗೆ ದೂರದ ವಸತಿ ಕೇಂದ್ರವೊಂದಕ್ಕೆ ಸೇರಿಸಲು ನಿಶ್ಚಯಿಸಿದ.

ಹೊರಡುವ ಹಿಂದಿನ ದಿನ ಆಕೆ ಒಬ್ಬಳೇ ಬಸ್ಸು ಹಿಡಿದು ನನ್ನ ಕಚೇರಿಗೆ ಬಂದಳು. ಹಿಂದೆ ನಮ್ಮಲ್ಲಿ ತರಬೇತಿ ಪಡೆದದ್ದರಿಂದ ದಾರಿ ಗೊತ್ತಿತ್ತು.

“ನಾ ಅಲ್ಲಿಗಿ ಹೋಗಂಗಿಲ್ಲರಿ. ಮೈಲೂರದಾಗ ನಂಗೊಂದು ಖೋಲಿ ನೋಡ್ರಿ. ಗಂಜಿಗಿ ಕೆಲಸಕ್ಕ ಹೋಗ್ತೇನಿ.”

ಹಿಂದೆಯೇ ಆನಂದ ಬಂದ. “ಆಕಿಗಿ ಏನ್ ತಿಳಿತದ್ರಿ ಮೇಡಂ? ಅವ್ವ ಸಾಯೋ ಮುಂದ ಆಕಿ ಕೈ ನನ್ನ ಕೈಯಾಗ ಇಟ್ಟಾಳ. ನಾಳಿ ಏನರ ಆದ್ರ ಯಾರು ಜವಾಬ್ದಾರಿ?” ಅವನ ಕಣ್ಣು ತುಂಬಿತ್ತು. ಅಂಗವಿಕಲರಿಗೂ ಸಮಾಜದ ನಡುವೆ ಬದುಕುವ ಹಕ್ಕನ್ನು ಕಾಯ್ದೆ ಕೊಟ್ಟಿದೆ, ಒಲ್ಲೆ ಎಂದವಳನ್ನು ಎಳೆದೊಯ್ಯಲು ನಾನು ಬಿಡುವುದಿಲ್ಲ ಎಂದೆ. ಕುರ್ಚಿ ಸರಿಸಿ ಎದ್ದುಹೋದ.

ಬೀದರಿನ ಮೈಲೂರು ಬಡಾವಣೆಯಲ್ಲಿ ಬಾಡಿಗೆಗೆ ಖೋಲಿ ಸುಲಭಕ್ಕೆ ಸಿಗಲಿಲ್ಲ. ಸುಜಾತಾಳನ್ನು ನೋಡಿದೊಡನೆ ಖಾಲಿ ಖೋಲಿಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು. ಕೊನೆಗೆ ಕಮಲಾಬಾಯಿ ಎಂಬ ವಿಧವೆ ತನ್ನ ಹಿತ್ತಲ ಖೋಲಿ ಕೊಟ್ಟಳು. ನಮ್ಮ ಸಹಾಯಕಿ ಸಂಜೆ ಬಂದು ಗ್ಯಾಸ್ ಒಲೆ, ಅಡುಗೆ, ಸಂತೆ ಕಲಿಸಿದಳು.

ಒಂದು ಭಾನುವಾರ ಸುಜಾತಾ ಅನ್ನಕ್ಕಿಟ್ಟು ಮರೆತಳು. ಹೊಗೆ ಕಂಡು ಓಣಿಯವರು ಸೇರಿದರು. ಯಾರೋ ಆನಂದನಿಗೆ ಫೋನ್ ಮಾಡಿದರು. ನನಗೆ ಸುದ್ದಿ ತಡವಾಗಿ ಮುಟ್ಟಿತು. ನಾನು ತಲುಪುವಷ್ಟರಲ್ಲಿ ಓಣಿಯವರು ಮತ್ತೆ ನೆರೆದಿದ್ದರು, ಭಾಲ್ಕಿಯಿಂದ ಬಂದ ಆತ ತಂಗಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಆಕೆ ಚೀಲ ಕಿತ್ತುಕೊಂಡು ಮಂಚದ ಮೇಲೆ ಸುರುವಿ, ಬಾಗಿಲಿಗೆ ಬಂದು ನಿಂತಳು.

“ನಾನೇ ಒಲಿ ಆರಿಸೇನಿ, ಕಿಡಕಿ ತೆಗದೇನಿ. ಅನ್ನ ಹೊತ್ತೇದ, ಮನಿ ಹೊತ್ತಿಲ್ಲ. ನಿಮ್ಮ ಮನ್ಯಾಗ ಎಂದೂ ಹೊತ್ತಿಲ್ಲೇನು?”

ಖೋಲಿ ಖಾಲಿ ಮಾಡಿಸು ಎಂದು ಓಣಿಯವನೊಬ್ಬ ಗೊಣಗಿದ. ಕಮಲಾಬಾಯಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

“ಮೊನ್ನಿ ನಾನೂ ಹಾಲು ಇಟ್ಟು ಮರ್ತಿದ್ದೆ. ನನಗೂ ಹಾಸ್ಟೆಲಿಗಿ ಒಯ್ತೀರೇನು? ಆಕಿ ಇಲ್ಲೇ ಇರ್ತಾಳ. ನಡೀರಿ ನಿಮ್ ಮನಿಗಿ!”

ಜನ ಚದುರಿದರು. ಆನಂದ ಮಂಚದ ಅಂಚಿಗೆ ಕುಸಿದು ಕುಳಿತ. “ಅಣ್ಣಾ, ಮತ್ತ ಅನ್ನಕ್ಕ ಇಡ್ತೇನಿ. ಉಂಡು ಹೋಗು,” ಎಂದಳು ಸುಜಾತಾ. ಉಂಡ. ಒಪ್ಪಿದೆ ಎನ್ನಲಿಲ್ಲ, ಆದರೆ ಒಬ್ಬನೇ ಭಾಲ್ಕಿಗೆ ಮರಳಿದ. ಈಗಲೂ ಆಗಾಗ ಬಂದು ಹೋಗುತ್ತಾನೆ. ಓಣಿಯ ಕೆಲವರು ಸುಜಾತಾಳನ್ನು ಇನ್ನೂ ಮಾತಾಡಿಸುವುದಿಲ್ಲ. ಆಕೆ ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ.

ನಾನು ನಿವೃತ್ತಳಾದರೂ ಮಕ್ಕಳನ್ನೋ ತಂಗಿಯರನ್ನೋ ಕರೆತಂದು, “ಇವರು ಒಬ್ಬರೇ ಇರಬಲ್ಲರೇ?” ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಒಬ್ಬರೇ ಯಾರೂ ಇರಲಾರರು, ನಾನೂ ಇರಲಾರೆ. ಎಲ್ಲಿರಬೇಕು, ಯಾರ ನೆರವು ಬೇಕು ಎಂದು ಹೇಳಬೇಕಾದವರು ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರೆ. ನನ್ನನ್ನೇಕೆ ಕೇಳುತ್ತೀರಿ?