ಮೊಳೆ ಹೊಡೆಯಬಾರದ ಮನೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ನಮಗೆ ಹೆಣ್ಣುಮಕ್ಕಳಿಲ್ಲ. ಗಂಡುಮಕ್ಕಳೂ ಇಲ್ಲ. (ಮುಂದಿನ ಪ್ರಶ್ನೆ ಕೇಳಬೇಡಿ, ನಮ್ಮತ್ತೆ ಕೇಳುತ್ತಿರುವುದೇ ಸಾಕಾಗಿದೆ.) ಹಾಗಾದರೆ ಯಾರನ್ನು ನೋಡಲು ಯಾರು ಬಂದಿದ್ದರು? ಅದನ್ನೇ ಹೇಳಲು ಹೊರಟೆ.

ಈ ಅಂಕಣ ಓದುವವರಿಗೆ ತಿಪಟೂರಿನ ನಮ್ಮ ಬಾಡಿಗೆ ಮನೆ ಗೊತ್ತೇ ಇದೆ. ಒಂದೂವರೆ ರೂಮು. ಒಂದರಲ್ಲಿ ನಾವಿಬ್ಬರು. ಅರ್ಧದಲ್ಲಿ ಸ್ಟವ್ವು, ನೀರಿನ ಕೊಡ ಮತ್ತು ನನ್ನ ಸಿಟ್ಟು. ಮುಂದಿರುವ ದೊಡ್ಡ ಮನೆ ಓನರ್ ಪುಟ್ಟಗಂಗಮ್ಮನವರದು. ತೋಟ, ತೆಂಗು, ಹಸು ಎಲ್ಲ ಇರುವ ಗಟ್ಟಿ ಕುಳ. ಮೊದಲ ದಿನ ಬೀಗದ ಕೈ ಕೊಡುವಾಗಲೇ ಒಂದು ಕಂಡೀಷನ್ನನ್ನೂ ಕೊಟ್ಟಿದ್ದರು.

"ಏನಾರಾ ಮಾಡ್ಕಳಿ ಕಣವ್ವ. ಆದ್ರೆ ಗೋಡೆಗೆ ಒಂದು ಮೊಳೆ ಹೊಡಿಯಂಗಿಲ್ಲ. ನಮ್ಮತ್ತೆ ನಿಂತು ಕಟ್ಟಿಸಿದ ಗೋಡೆ."

ಕ್ಯಾಲೆಂಡರಿಗೂ? ಕ್ಯಾಲೆಂಡರಿಗೂ. ದೇವರ ಫೋಟೋಗೆ? "ದೇವ್ರನ್ನ ಗೂಡಲ್ಲಿ ಕೂರ್ಸಿ, ಅವ್ನೇನು ಬ್ಯಾಡ ಅಂತಾನಾ?"

ಸರಿ, ಮೊಳೆ ಇಲ್ಲದಿದ್ದರೆ ಮನೆ ಚೆಂದ ಕಾಣುವುದಿಲ್ಲವೇ? ನಾನು ಸೋಲುವ ಜಾತಿಯವಳಲ್ಲ. ಈ ಕಿಟಕಿಯ ಸರಳಿನಿಂದ ಆ ಕಿಟಕಿಯ ಸರಳಿಗೆ ತೆಂಗಿನ ನಾರಿನ ಹಗ್ಗ ಕಟ್ಟಿದೆ. ಅದಕ್ಕೆ ಬಟ್ಟೆ ಕ್ಲಿಪ್ ಹಾಕಿ ಚಿತ್ರಗಳನ್ನು ತೂಗುಬಿಟ್ಟೆ. ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಗೋಡೆಗೆ ಹೊಡೆದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದೆ. ಹಳೇ ಹತ್ತಿ ಸೀರೆ ಎರಡು ಪರದೆಯಾಯಿತು. ಕರಟಗಳಲ್ಲಿ ಮನಿಪ್ಲಾಂಟ್ ಬಂತು. ಉಳಿದದ್ದೆಲ್ಲ ನಮ್ಮ ಭಾನುವಾರಗಳ ಸಂಪಾದನೆ.

ಭಾನುವಾರ ಬಂತೆಂದರೆ ನಾವು ಮನೆಯಲ್ಲಿ ಇರುವವರಲ್ಲ. ನಮ್ಮ ಯಜಮಾನರು ಹಳೇ ಸ್ಕೂಟರನ್ನು ವಾಲಿಸಿ, ಬೇಡಿಕೊಂಡು, ಬೈದು ಸ್ಟಾರ್ಟ್ ಮಾಡುತ್ತಾರೆ. ನಾನು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹಿಂದೆ ಕೂರುತ್ತೇನೆ. ಎಲ್ಲಿಗೆ? ರಸ್ತೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ಟಿಕೆಟ್ ಇಲ್ಲದ ಜಾಗಗಳೇ ನಮಗೆ ಇಷ್ಟ. ಕೆಂಕೆರೆ ದಾರಿಯಲ್ಲಿ ಸಿಕ್ಕ ನವಿಲುಗರಿ, ಯಾರದೋ ತೋಟದ ಬೇಲಿ ಪಕ್ಕ ಒಣಗಿ ಬಿದ್ದ ಹೊಂಬಾಳೆ (ದೋಣಿ ಹಾಗಿರುತ್ತಲ್ಲ, ಅದೇ), ಬೋರನಕಣಿವೆಯ ನುಣ್ಣನೆ ಕಲ್ಲುಗಳು, ಎಲ್ಲ ಸ್ಕೂಟರ್ ಹತ್ತಿ ನಮ್ಮ ಮನೆಗೆ ಬಂದವು. ಹೊಂಬಾಳೆಯೊಳಗೆ ಈಗ ನನ್ನ ಬಳೆಗಳು ಮಲಗುತ್ತವೆ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುವಾಗಲೆಲ್ಲ ಪುಟ್ಟಗಂಗಮ್ಮನವರದು ಒಂದೇ ರಾಗ. "ಬಾಡಿಗೆ ಮನೆಗ್ಯಾಕವ್ವ ಇಷ್ಟು ಶೋಕಿ? ನಾಳೆ ಬುಟ್ಟು ಹೋಗೋದು ತಾನೆ?"

(ಈ ದೇಹವೇ ಒಂದು ಬಾಡಿಗೆ ಮನೆ ಎಂದು ಈಗ ಶುರು ಮಾಡುತ್ತೇನೆ ಅಂದುಕೊಂಡಿರಾ? ಇಲ್ಲ ಬಿಡಿ. ಅದನ್ನು ಹೇಳಲು ಬೇರೆಯವರಿದ್ದಾರೆ.) ನನ್ನ ಉತ್ತರ ಸಣ್ಣದು: ನಾಳೆ ಬಿಟ್ಟು ಹೋಗಬಹುದು, ಆದರೆ ಇವತ್ತು ರಾತ್ರಿ ಮಲಗುವುದು ಇಲ್ಲೇ ಅಲ್ಲವೇ? ಸ್ವಂತ ಮನೆ ಕಟ್ಟುವ ತನಕ ಬೋಳು ಗೋಡೆ ನೋಡುತ್ತಾ ಕೂರಬೇಕೇ?

ಶನಿವಾರ ಬೆಳಿಗ್ಗೆ ಇದೇ ಪುಟ್ಟಗಂಗಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಾ ಒಳಗೆ ಬಂದರು. ಯಾವತ್ತೂ ಹೊಸಿಲು ದಾಟದವರು ಚಾಪೆಯ ಮೇಲೆ ಕೂತೇಬಿಟ್ಟರು.

"ಮಂಜುಳನ್ನ ನೋಡಾಕೆ ನಾಳೆನೇ ಬತ್ತೀವಿ ಅಂತ ಗಂಡಿನೋರು ಹೇಳಿ ಕಳ್ಸವ್ರೆ. ಕೊಬ್ಬರಿ ಒಡೆಯೋರು ನೋಡುದ್ರೆ ಈ ವಾರನೇ ಸಿಗ್ಬೇಕಾ? ಅಟ್ಟದಿಂದ ಇಳ್ಸಿ ಹಾಲ್ ತುಂಬ ರಾಶಿ ಹಾಕವ್ರೆ. ರಾಶಿ ಕಂಡ್ರೆ ಖುಷಿ ಪಡ್ತಾರೆ ಬುಡು, ಆದ್ರೆ ಕೂರಾಕೆ ಜಾಗ ಬೇಡ್ವಾ? ಒಂದೊತ್ತು ನಿಮ್ಮನೇಲಿ ಕೂರಿಸ್ಕಂತೀನಿ. ನೀವೆಂಗೂ ಭಾನುವಾರ ಊರು ಸುತ್ತೋರು. ದೀಪ ಹಚ್ಚೋ ಹೊತ್ತಿಗೆ ಬನ್ನಿ, ಅಷ್ಟರಲ್ಲಿ ಎದ್ದೋಗಿರ್ತಾರೆ."

ಶೋಕಿ ಎಂದು ಬೈಸಿಕೊಂಡ ಮನೆಗೆ ಇದ್ದಕ್ಕಿದ್ದಂತೆ ಇಷ್ಟು ಮರ್ಯಾದೆ! ನನಗೆ ಒಳಗೊಳಗೇ ಖುಷಿ. ಹೂಂ ಎಂದೆ.

ಮಂಜುಳ ಪುಟ್ಟಗಂಗಮ್ಮನವರ ಒಬ್ಬಳೇ ಮಗಳು. ಡಿಗ್ರಿ ಮುಗಿಸಿದವಳು, ಸಂಜೆಯಾದರೆ ನಮ್ಮ ಮನೆಯಲ್ಲೇ ಇರುತ್ತಾಳೆ. ನನ್ನ ಪರದೆಗಳಿಗೆ ಅಂಚು ಹೊಲಿದವಳು ಅವಳೇ. ಅಮ್ಮ ಅತ್ತ ಹೋದದ್ದೇ ಇವಳು ಇತ್ತ ಬಂದಳು. ಹುಡುಗ ತುರುವೇಕೆರೆ ಕಡೆಯವನು, ಚಿಕ್ಕನಾಯಕನಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಯಾವುದೋ ಮದುವೆಯಲ್ಲಿ ಇವಳ ಪಕ್ಕದ ಸಾಲಿಗೆ ಪಲ್ಯ ಬಡಿಸಿದ್ದನಂತೆ. "ಅಕ್ಕ, ಬ್ಯಾರೆ ಸಂಬಂಧ ಎಲ್ಲ ನಾನೇ ತಪ್ಪಿಸ್ದೆ. ಇದು ಮಾತ್ರ ತಪ್ಪಬಾರ್ದು ಕಣಕ್ಕ" ಎಂದಳು. ಕಣ್ಣಲ್ಲಿ ನೀರೇ ಬಂದಿತ್ತು. ಆ ಮೇಷ್ಟ್ರನ್ನು ನೋಡದೆಯೇ ನಾನೂ ಅವನ ಪಾರ್ಟಿ ಸೇರಿಬಿಟ್ಟೆ.

ಭಾನುವಾರ ನಾವು ಬೋರನಕಣಿವೆಗೆ ಹೋದೆವು. ನೀರಿನ ಮೇಲಿಂದ ತಣ್ಣನೆ ಗಾಳಿ. ನಮ್ಮ ಯಜಮಾನರು ಪ್ಯಾಂಟ್ ಮಡಚಿಕೊಂಡು ಚಪ್ಪಟೆ ಕಲ್ಲು ಹುಡುಕಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆದರು. ನನ್ನ ಕಲ್ಲು ಅವರದಕ್ಕಿಂತ ದೂರ ಹೋಯಿತು. (ಗಾಳಿಯ ಸಹಾಯವಂತೆ!) ದಡದಲ್ಲಿ ಒಂದು ಒಣ ಕೊಂಬೆ ಬಿದ್ದಿತ್ತು. ನೀರು, ಬಿಸಿಲಿಗೆ ತೊಗಟೆಯೆಲ್ಲ ಹೋಗಿ ಬೆಳ್ಳಗಾಗಿತ್ತು. ಮನೆಯ ಮೂಲೆಗೆ ಹೇಳಿ ಮಾಡಿಸಿದ ಹಾಗಿತ್ತು. ಆಳೆತ್ತರದ ಆ ಕೊಂಬೆ ಹಿಡಿದು ಸ್ಕೂಟರಿನಲ್ಲಿ ಕೂತು ಹುಳಿಯಾರು, ಚಿಕ್ಕನಾಯಕನಹಳ್ಳಿ ದಾಟಿ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ನೋಡಿದರು. ನೋಡಲಿ ಬಿಡಿ, ಅವರಿಗೂ ಭಾನುವಾರ ಏನಾದರೂ ಬೇಡವೇ?

ಹೇಳಿದ ಹಾಗೆ ದೀಪ ಹಚ್ಚುವ ಹೊತ್ತಿಗೇ ಮನೆ ತಲುಪಿದೆವು. ನಾವು ಮರೆತದ್ದು ಒಂದೇ, ರಾಹುಕಾಲ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಗಂಡಿನ ಕಡೆಯವರು ಅದು ಕಳೆಯಲಿ ಎಂದು ತಿಪಟೂರು ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದು, ಆಗ ತಾನೇ ಬಂದಿದ್ದರು. ಎದ್ದು ಹೋಗಿರಬೇಕಾದವರು ಈಗಷ್ಟೇ ಕೂತಿದ್ದರು.

ನಾನು ಬಾಗಿಲಿನ ಚಪ್ಪಲಿ ನೋಡಿ ಅಂಗಳದಲ್ಲೇ ನಿಂತೆ. ನಮ್ಮ ಯಜಮಾನರು ನಿಲ್ಲಲಿಲ್ಲ. ಬಾಯಾರಿದ ಮನುಷ್ಯ ಮಡಚಿದ ಪ್ಯಾಂಟಿನಲ್ಲಿ, ಕೆಸರು ಕಾಲಿನಲ್ಲಿ, ಮೇಷ್ಟ್ರನ್ನೂ ಅವನ ತಾಯಿಯನ್ನೂ ದಾಟಿಕೊಂಡು ಸೀದಾ ಅಡುಗೆಮನೆಗೆ ಹೋಗಿ, ಕೊಡದಿಂದ ನೀರು ಬಗ್ಗಿಸಿ ಗಟಗಟ ಕುಡಿದರು. ಆಮೇಲೆ ತಿರುಗಿ ನೋಡಿದರು.

"ಇವ್ರ್ಯಾರು?" ಎಂದರು ಹುಡುಗನ ತಾಯಿ.

"ಪಕ್ಕದ ಮನೆಯೋರು" ಎಂದರು ಪುಟ್ಟಗಂಗಮ್ಮನವರು.

"ಪಕ್ಕದ ಮನೆಯೋರು ನೀರು ಕುಡಿಯಾಕೆ ಇಲ್ಲಿಗೆ ಬತ್ತಾರಾ?"

"ಹ್ಞೂಂ ಕಣ್ರೀ, ಭಾಳ ಸಲಿಗೆ" ಎಂದರು ಪುಟ್ಟಗಂಗಮ್ಮನವರು. ಯಜಮಾನರು ಲೋಟ ಹಿಡಿದುಕೊಂಡೇ ಹಲ್ಲು ಬಿಟ್ಟರು. ನಾನು ಕೊಂಬೆಯ ಹಿಂದೆ ಅಡಗಲು ನೋಡಿದೆ. (ಆ ಕೊಂಬೆಗೆ ಎಲೆ ಇರಲಿಲ್ಲ ಎಂಬುದು ಆಗ ನೆನಪಾಯಿತು.)

ಹುಡುಗನ ತಾಯಿ ಸುತ್ತಲೂ ಕಣ್ಣಾಡಿಸಿದರು. ನೀಲಿ ಗೋಡೆ, ಕರಟದ ಬಳ್ಳಿ, ಹೊಂಬಾಳೆ. "ಮನೆ ಏಟು ಲಕ್ಷಣವಾಗೈತೆ! ಇದೆಲ್ಲ ನೀನೇ ಮಾಡಿದ್ದೇನವ್ವ?" ಎಂದು ಮಂಜುಳಳನ್ನು ಕೇಳಿದರು.

"ಎಲ್ಲ ಅವ್ಳೇ" ಎಂದುಬಿಟ್ಟರು ಅವಳಮ್ಮ.

ಮಂಜುಳ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಹೂಂ ಅನ್ನು ಎಂದು ಕಣ್ಣಲ್ಲೇ ಹೇಳಿದೆ. ಒಂದು ಹೂಂ ಅಂದರೆ ಮುಗಿಯಿತು. ಪಲ್ಯ ಬಡಿಸಿದ ಮೇಷ್ಟ್ರು ಇವಳಿಗೆ ಸಿಕ್ಕ ಹಾಗೆ. ನಿಜ ಹೇಳಿದರೆ? ಮೊದಲ ದಿನವೇ ಸುಳ್ಳು ಮನೆ ತೋರಿಸಿದರು ಎಂದು ಎದ್ದು ಹೋಗುವುದಿಲ್ಲವೇ?

"ಇಲ್ಲ ಕಣಮ್ಮ" ಎಂದಳು ಹುಡುಗಿ. "ಪರದೆ ಅಂಚು ಹೊಲಿದಿದ್ದು ಮಾತ್ರ ನಾನು. ಮಿಕ್ಕಿದ್ದೆಲ್ಲ ಆ ಅಕ್ಕಂದು. ಇದು ಅವ್ರು ಬಾಡಿಗೆಗಿರೋ ಮನೆ. ನಮ್ಮನೇಲಿ ಕೊಬ್ಬರಿ ರಾಶಿ ಐತೆ, ಕೂರಾಕೆ ಜಾಗ ಇರ್ಲಿಲ್ಲ."

ಪುಟ್ಟಗಂಗಮ್ಮನವರ ಮುಖ ಸುಣ್ಣವಾಯಿತು. ಹುಡುಗನ ತಾಯಿ ಹಿಡಿದಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಇನ್ನೇನು ಎದ್ದರು ಎಂದುಕೊಂಡೆ.

ಮಾತಾಡಿದ್ದು ಮೇಷ್ಟ್ರು. "ಇದು ಬಾಡಿಗೆ ಮನೇನಾ?" ಎಂದು ಮತ್ತೊಮ್ಮೆ ಸುತ್ತಲೂ ನೋಡಿದ. ಧ್ವನಿಯಲ್ಲಿ ಕೋಪ ಇರಲಿಲ್ಲ, ಆಸೆ ಇತ್ತು. "ಚಿಕ್ಕನಾಯಕನಹಳ್ಳೀಲಿ ನಾನಿರೋದೂ ಇಷ್ಟೇ ಜಾಗ. ಅಲ್ಲೂ ಮೊಳೆ ಹೊಡಿಯಂಗಿಲ್ಲ ಅಂದವ್ರೆ ಓನರ್ರು. ಅದಕ್ಕೇ ಗೋಡೆ ಬೋಳಾಗೇ ಬಿಟ್ಟಿದ್ದೀನಿ."

ಅವನ ತಾಯಿ ನಿಟ್ಟುಸಿರು ಬಿಟ್ಟರು. "ಅದನ್ನ ಎಂಗೆ ಹೇಳೋದು ಅಂತ ಬಸ್ಸಲ್ಲೆಲ್ಲ ನಂಗೆ ಅದೇ ಯೋಚ್ನೆ ಕಣ್ರೀ. ಬಾಡಿಗೆ ಮನೆ ಅಂತ ಒಂದು ಸಂಬಂಧ ಆಗ್ಲೇ ತಪ್ಪೋಯ್ತು. ನೀವು ನೋಡುದ್ರೆ ತೋಟದೋರು, ದೊಡ್ಡ ಮನೆಯೋರು." ಮಂಜುಳಳ ಕಡೆ ತಿರುಗಿ, "ಇಷ್ಟರಲ್ಲೇ ಇರ್ತೀಯೇನವ್ವ?" ಎಂದು ಕೇಳಿದರು.

"ಇರ್ತೀನಿ" ಎಂದಳು ಮಂಜುಳ. ಒಂದು ಗಳಿಗೆ ಬಿಟ್ಟು, ನೆಲ ನೋಡುತ್ತಲೇ ಸೇರಿಸಿದಳು: "ಆದ್ರೆ ಭಾನುವಾರ ಬೋರನಕಣಿವೆಗೆ ಕರ್ಕಂಡೋಗ್ಬೇಕು."

ಹೆಣ್ಣು ನೋಡಲು ಬಂದವರಿಗೆ ಹೆಣ್ಣೇ ಕಂಡೀಷನ್ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಷ್ಟ್ರು ನಕ್ಕುಬಿಟ್ಟ. "ಸೈಕಲ್ ಐತೆ, ನಡಿಯುತ್ತಾ?" ಎಂದ. ಅವನ ತಾಯಿ ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡು ಉಳಿದ ಕಾಫಿ ಕುಡಿದರು. ನಾನು ಕೊಂಬೆಯನ್ನು ಮೂಲೆಗೆ ಒರಗಿಸಿ ನನ್ನದೇ ಮನೆಯಲ್ಲಿ ಅತಿಥಿಯಾಗಿ ಕೂತೆ. ಮಂಜುಳ ತಟ್ಟೆ ಹಿಡಿದು ಬಂದು ನನಗೂ ಕೇಸರಿಬಾತ್ ಕೊಟ್ಟಳು. ಆ ಹುಡುಗಿಯನ್ನು ಕಂಡು ನನಗೆ ನಿಜವಾಗಿ ಹೆಮ್ಮೆಯಾಯಿತು.

ಹಾಗಾದರೆ ಇಷ್ಟು ದಿನ ಸುಣ್ಣ ಹೊಡೆದು, ಕರಟ ಉಜ್ಜಿ, ಕಲ್ಲು ಹೊತ್ತು ತಂದದ್ದು ದಂಡವೇ? ಬಿಟ್ಟು ಹೋಗುವ ಮನೆಯೇ ಇರಬಹುದು. ಆದರೆ ಚೊಕ್ಕಟವಾಗಿ ಬದುಕುವುದನ್ನು ಕಲಿತರೆ ಆ ವಿದ್ಯೆಯನ್ನು ಯಾವ ಓನರ್ರೂ ಹಿಡಿದಿಟ್ಟುಕೊಳ್ಳುವಂತಿಲ್ಲ. ನನ್ನ ಒಂದೂವರೆ ರೂಮಿನ ವಿದ್ಯೆ ಈಗ ಚಿಕ್ಕನಾಯಕನಹಳ್ಳಿಗೆ ಹೊರಟಿದೆ.

ಸೋಮವಾರ ಬೆಳಿಗ್ಗೆ ಪುಟ್ಟಗಂಗಮ್ಮನವರು ಮತ್ತೆ ಬಂದರು. ಮುಖ ಗಂಟು ಹಾಕಿಕೊಂಡಿತ್ತು. ಮನೆ ಖಾಲಿ ಮಾಡಿ ಅನ್ನುತ್ತಾರೋ, ಕೆಸರು ಕಾಲಿನ ಪಂಚಾಯಿತಿ ತೆಗೆಯುತ್ತಾರೋ ಎಂದು ನಾನು ಉತ್ತರ ರೆಡಿ ಮಾಡಿಕೊಂಡೆ. ಅವರು ಚಾಪೆಯ ಮೇಲೆ ಕೂತು, ಅತ್ತೆ ನಿಂತು ಕಟ್ಟಿಸಿದ ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಡೆಯಲಾರದೆ ಕೇಳಿದರು:

"ಅಲ್ಲ ಕಣವ್ವ, ನಮ್ಮುಡುಗಿ ಬಾಳಾಕೆ ಹೋಗೋ ಮನೇಲಿ ಒಂದು ಮೊಳೆ ಹೊಡಿಯಾಕೂ ಬುಡಲ್ಲ ಅಂದ್ರೆ ಆ ಓನರ್ರು ಎಂಥಾ ಜನ ಇರಬೌದು, ನೀನೇ ಹೇಳು?"